ಅಡಿಕೆಯಲ್ಲದ ಅರೆಕಾ

ಫೋಟೋ ಕಳಿಸಿ ಅರ್ಧ ಗಂಟೆಯಾದರೂ ಅಪ್ಪನಿಂದ ಉತ್ತರ ಬರಲಿಲ್ಲ. ನೀಲಿ ಗೆರೆ ಬಿದ್ದಿತ್ತು, ಅಂದರೆ ನೋಡಿದ್ದಾನೆ. ಕೊನೆಗೆ ಫೋನೇ ಬಂತು.

“ಎಷ್ಟು ಕೊಟ್ಟೆ ಇದಕ್ಕೆ?”

“350 ರೂಪಾಯಿ. ಕುಂಡದ ದುಡ್ಡು ಬೇರೆ.”

“ಎಂತದು ಇದು?”

“ಅರೆಕಾ ಪಾಮ್. ನಿನ್ನ ಅಡಿಕೆಯೇ ಅಪ್ಪ, ಇಂಗ್ಲಿಷಿನಲ್ಲಿ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. “ಇದು ಅಡಿಕೆ ಅಲ್ಲ ಮಾರಾಯ್ತಿ. ಅಡಿಕೆ ಹೀಗೆ ಹಿಂಡು ಕಟ್ಟೂದಿಲ್ಲ, ಒಂದೇ ಕಾಂಡ ಹೋಗೂದು. ನೀನು ಹುಟ್ಟಿದ್ದು ಎಲ್ಲಿ?”

ನಾನು ಹುಟ್ಟಿದ್ದು ಕೊಪ್ಪ ತಾಲ್ಲೂಕಿನಲ್ಲಿ, ಅಡಿಕೆ ತೋಟದ ಅಂಚಿನ ಮನೆಯಲ್ಲಿ. ಹಾಳೆಯ ಮೇಲೆ ಕೂತು ಎಳೆಸಿಕೊಂಡು ಬೆಳೆದವಳು. ಅಂಥವಳು ಬೆಂಗಳೂರಿನಲ್ಲಿ ಬೇರೆ ಯಾವುದೋ ಗಿಡವನ್ನು ಅಡಿಕೆ ಎಂದು ದುಡ್ಡು ಕೊಟ್ಟು ತಂದಿದ್ದೆ. ಅದನ್ನು ಅಪ್ಪ ಆ ವಾರ ಊರಿಗೆಲ್ಲ ಹೇಳಿ ನಗಿಸಿದ.

ಆಗ ನಾನು ಪಿಎಚ್.ಡಿ.ಯ ಎರಡನೇ ವರ್ಷದಲ್ಲಿದ್ದೆ. ಹಾಸ್ಟೆಲ್ ಬಿಟ್ಟು ಮೂರನೇ ಮಹಡಿಯ ಒಂದು ಕೋಣೆ ಹಿಡಿದಿದ್ದೆ. ಪಶ್ಚಿಮಕ್ಕೆ ಮುಖ ಮಾಡಿದ, ಎರಡು ಕುರ್ಚಿ ಹಿಡಿಸುವಷ್ಟು ಬಾಲ್ಕನಿ. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದವಳು ಜನಜಂಗುಳಿ ತಡೆಯಲಾರದೆ ಸಿದ್ದಾಪುರದ ಕಡೆಯ ನರ್ಸರಿಗಳ ಸಾಲಿಗೆ ಬಂದೆ. ಒಂದು ಮೂಲೆಯಲ್ಲಿ ಎದೆಯೆತ್ತರದ, ಬಿದಿರಿನಂತೆ ಗಿಣ್ಣುಗಿಣ್ಣಿನ ಕಡ್ಡಿಗಳ, ಬಾಗಿದ ಗರಿಗಳ ಗಿಡವೊಂದು ನಿಂತಿತ್ತು. “ಅರೆಕಾ ಮೇಡಂ, ಸಾಯೋದೇ ಇಲ್ಲ” ಎಂದ ಮಾರುವ ಹುಡುಗ. ಹೆಸರು ಕೇಳಿ ಕೊಂಡೆ. ಊರಿನ ಒಂದು ತುಂಡು ಕೋಣೆಯಲ್ಲಿ ಇರಲಿ ಅನ್ನಿಸಿತ್ತು.

ಅಪ್ಪ ಅಲ್ಲಗಳೆದ ಮೇಲೆ ಹುಡುಕಲು ಕೂತೆ. ನನ್ನ ಸಂಶೋಧನೆ ಹತ್ತೊಂಬತ್ತನೇ ಶತಮಾನದ ಕನ್ನಡ ನಿಘಂಟುಗಳಲ್ಲಿ ಗಿಡಮರಗಳ ಹೆಸರು ಹೇಗೆ ದಾಖಲಾಗಿವೆ ಎಂಬುದರ ಬಗ್ಗೆ. 1894ರ ಕಿಟೆಲ್ ನಿಘಂಟು ಮೇಜಿನ ಮೇಲೇ ಇರುತ್ತದೆ. ಹೀಗಾಗಿ ಗಿಡ ಗೊತ್ತಾಗದಿದ್ದರೂ ಹೆಸರಿನ ಬೆನ್ನು ಹತ್ತುವುದು ನನಗೆ ಸುಲಭ. ಕರಾವಳಿಗೆ ಬಂದ ಪೋರ್ಚುಗೀಸರ ಬಾಯಿಯಲ್ಲಿ ಮಲಯಾಳದ ಅಡಯ್ಕ ಅರೆಕ ಆಯಿತು. ನಮ್ಮ ಅಡಿಕೆ ಅದೇ ಪದದ ಸೋದರಿ. 1753ರಲ್ಲಿ ಲಿನೀಯಸ್ ನಮ್ಮ ಅಡಿಕೆ ಮರಕ್ಕೆ ‘ಅರೆಕಾ ಕ್ಯಾಟೆಚು’ ಎಂದು ಹೆಸರಿಟ್ಟ. ಆ ‘ಕ್ಯಾಟೆಚು’ ಕೂಡ ವೀಳ್ಯದ ತಟ್ಟೆಯ ಕಾಚಿನ ಸಂಬಂಧಿಯೇ.

ನನ್ನ ಬಾಲ್ಕನಿಯ ಗಿಡ ಬೇರೆ. ಅದರ ತವರು ಮಡಗಾಸ್ಕರ್ ದ್ವೀಪದ ಪೂರ್ವ ಭಾಗ. ತೋಟಗಾರಿಕೆಯ ವ್ಯಾಪಾರಿಗಳು ಒಂದು ಕಾಲದಲ್ಲಿ ಅದನ್ನು ‘ಅರೆಕಾ ಲ್ಯೂಟೆಸೆನ್ಸ್’ ಎಂದು ಮಾರುತ್ತಿದ್ದರು. ವಿಜ್ಞಾನಿಗಳು ಮಾತ್ರ ಅದನ್ನು ಬೇರೆ ಕುಲಕ್ಕೆ ಸೇರಿಸಿದರು. 1878ರಲ್ಲಿ ವೆಂಡ್‌ಲ್ಯಾಂಡ್ ಎಂಬ ಜರ್ಮನ್ ಸಸ್ಯವಿಜ್ಞಾನಿ ‘ಕ್ರಿಸಾಲಿಡೋಕಾರ್ಪಸ್ ಲ್ಯೂಟೆಸೆನ್ಸ್’ ಎಂದ. 1995ರಲ್ಲಿ ಅದು ‘ಡಿಪ್ಸಿಸ್ ಲ್ಯೂಟೆಸೆನ್ಸ್’ ಆಯಿತು. ಈಚೆಗೆ ಮತ್ತೆ ಕ್ರಿಸಾಲಿಡೋಕಾರ್ಪಸ್ ಆಗಿದೆ. ಆದರೆ ನರ್ಸರಿಯವರು ಅರೆಕಾ ಎಂಬುದನ್ನು ಬಿಡಲಿಲ್ಲ. ನಮ್ಮ ಊರಿನ ಪದವೊಂದು ಪೋರ್ಚುಗೀಸರ ಹಡಗು ಹತ್ತಿ, ಲ್ಯಾಟಿನ್ ಆಗಿ, ಆಫ್ರಿಕಾದ ಪಕ್ಕದ ದ್ವೀಪದ ಗಿಡಕ್ಕೆ ತಗುಲಿಕೊಂಡು, ಸಿದ್ದಾಪುರದಲ್ಲಿ ನನಗೇ ಮಾರಾಟವಾಗಿತ್ತು.

ಒಮ್ಮೆ ಗುರುತು ಹಿಡಿದ ಮೇಲೆ ಎಲ್ಲೆಲ್ಲೂ ಅದೇ ಕಾಣತೊಡಗಿತು. ಬ್ಯಾಂಕಿನ ಬಾಗಿಲಲ್ಲಿ, ದಂತವೈದ್ಯರ ಕಾಯುವ ಕೋಣೆಯಲ್ಲಿ, ಕಲ್ಯಾಣ ಮಂಟಪದ ವೇದಿಕೆಯ ಎರಡೂ ಬದಿಯಲ್ಲಿ. ಮದುವೆಗೆ ಬಾಡಿಗೆಗೆ ಬಂದು, ಊಟ ಮುಗಿದ ಮೇಲೆ ಟೆಂಪೋ ಹತ್ತಿ ಮತ್ತೊಂದು ಮದುವೆಗೆ ಹೋಗುವ ಗಿಡ ಅದು. ಊರಿನ ಮದುವೆಗಳಲ್ಲಿ ನಾವು ನಿಜವಾದ ಅಡಿಕೆಯ ಹಿಂಗಾರ ಇಡುತ್ತೇವೆ. ಇಲ್ಲಿ ಅದರ ಹೆಸರು ಹೊತ್ತ ಗಿಡ ಬಂದು ನಿಲ್ಲುತ್ತದೆ. ಜಗತ್ತಿನ ತುಂಬ ಕುಂಡಗಳಲ್ಲಿರುವ ಈ ಗಿಡ ತನ್ನ ತವರಿನ ಕಾಡಿನಲ್ಲಿ ಮಾತ್ರ ಅಪಾಯದ ಅಂಚಿಗೆ ಹತ್ತಿರ ಬಂದಿದೆಯಂತೆ.

ಮನೆಯ ಓನರ್ ಆಂಟಿ ಮೆಟ್ಟಿಲ ಮೇಲೆ ಸಿಕ್ಕಾಗ “ಒಳ್ಳೇದಾಯ್ತು, ಗಾಳಿ ಶುದ್ಧ ಆಗುತ್ತೆ” ಎಂದರು. ಹಾಗೆಂದು ಎಲ್ಲರೂ ಹೇಳುತ್ತಾರೆ. 2009ರಲ್ಲಿ ದೆಹಲಿಯ ಕಮಲ್ ಮೀಟಲ್ ತಮ್ಮ ಟೆಡ್ ಭಾಷಣದಲ್ಲಿ ಒಬ್ಬ ಮನುಷ್ಯನಿಗೆ ಭುಜದೆತ್ತರದ ನಾಲ್ಕು ಅರೆಕಾ ಬೇಕು ಎಂದ ಮೇಲಂತೂ ಇದು ಗಾಳಿ ತೊಳೆಯುವ ಗಿಡವೆಂದೇ ಹೆಸರಾಯಿತು. 2019ರಲ್ಲಿ ಇಬ್ಬರು ಸಂಶೋಧಕರು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಕಿಟಕಿಯಿಂದ ಬರುವ ಗಾಳಿಯಷ್ಟು ಕೆಲಸ ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ ಕನಿಷ್ಠ 10 ಗಿಡ, ಕೆಲವೊಮ್ಮೆ 1000 ಗಿಡ ಬೇಕು ಎಂದು ಅವರ ಲೆಕ್ಕ. ನನ್ನ ಕೋಣೆಯಲ್ಲಿ ಅಷ್ಟು ಗಿಡ ಇಟ್ಟರೆ ನಾನು ಹೊರಗೆ ಮಲಗಬೇಕು. ಗಾಳಿಯ ಆಸೆ ಬಿಟ್ಟೆ. ನೋಡಲು ಚೆಂದ, ಅಷ್ಟೇ ಸಾಕು ಅಂದುಕೊಂಡೆ.

ಚೆಂದ ಬಹಳ ದಿನ ಉಳಿಯಲಿಲ್ಲ. ಮಾರ್ಚಿನ ಹೊತ್ತಿಗೆ ಗರಿಗಳ ತುದಿ ಸುಟ್ಟ ಕಾಗದದಂತೆ ಕಂದಾಯಿತು. ನೀರು ಸಾಲದು ಎಂದು ಎರಡು ಹೊತ್ತೂ ಹಾಕಿದೆ. ಆಮೇಲೆ ಕೆಳಗಿನ ಒಂದು ಗರಿ ಹಳದಿಯಾಯಿತು. ಮಾರನೇ ವಾರ ಇನ್ನೊಂದು.

ನಮ್ಮ ಕಡೆಯವರಿಗೆ ಹಳದಿ ಎಂದರೆ ಒಂದು ಬಣ್ಣದ ಹೆಸರು ಮಾತ್ರವಲ್ಲ. ಕೊಪ್ಪ, ಶೃಂಗೇರಿ, ಸುಳ್ಯ ಕಡೆ ಯಾರಾದರೂ “ಅವರ ತೋಟಕ್ಕೆ ಹಳದಿ ಬಂದಿದೆ” ಎಂದರೆ ಕೇಳಿದವರು ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. ಹಳದಿ ಎಲೆ ರೋಗ ಕೇರಳದಲ್ಲಿ ನೂರು ವರ್ಷಕ್ಕೂ ಹಿಂದೆಯೇ ಕಾಣಿಸಿಕೊಂಡದ್ದು. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಅದಕ್ಕೆ ಕಾರಣ. ರಸ ಹೀರುವ ಸಣ್ಣ ಕೀಟವೊಂದು ಅದನ್ನು ಮರದಿಂದ ಮರಕ್ಕೆ ದಾಟಿಸುತ್ತದೆ. ಮೊದಲು ಸೋಗೆಯ ಎಸಳುಗಳ ತುದಿ ಹಳದಿಯಾಗುತ್ತದೆ, ಆಮೇಲೆ ಮರದ ಮಂಡೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ, ಕಾಯಿಯ ಒಳಗಿನ ತಿರುಳು ಮೆತ್ತಗಾಗಿ ಕಪ್ಪಾಗುತ್ತದೆ. ಮರ ಒಮ್ಮೆಗೇ ಬೀಳುವುದಿಲ್ಲ. ನಿಂತೇ ಇರುತ್ತದೆ, ಫಸಲು ಮಾತ್ರ ಇರುವುದಿಲ್ಲ.

ಕೊಳೆರೋಗಕ್ಕೆ ಮದ್ದಿದೆ. 1908ರಲ್ಲಿ ಕೆನಡಾದಿಂದ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದ. ಇವತ್ತಿಗೂ ಮಳೆಗಾಲಕ್ಕೆ ಮೊದಲು ನಮ್ಮಲ್ಲಿ ಮೈಲುತುತ್ತ, ಸುಣ್ಣ ಕಲಸುತ್ತಾರೆ. ಹಳದಿಗೆ ಅಂಥದ್ದೊಂದು ಇನ್ನೂ ಬಂದಿಲ್ಲ. ಗೊಬ್ಬರ ಹಾಕಿ, ನೀರು ನಿಲ್ಲದಂತೆ ನೋಡಿಕೊಂಡು, ನಡುವೆ ಕಾಫಿ, ಮೆಣಸು ಹಾಕಿಕೊಂಡು ಇದ್ದಷ್ಟು ದಿನ ಇರುವುದು. ನಮ್ಮ ಪಕ್ಕದ ಹಳ್ಳಿಗೆ ಅದು ಬಂದಾಗ ನಾನು ಪಿಯುಸಿಯಲ್ಲಿದ್ದೆ. ನಮ್ಮ ತೋಟ ಇರುವುದು ಒಂದು ಎಕರೆ. ಒಂಬತ್ತು ಅಡಿಗೊಂದರಂತೆ ಅಜ್ಜ ನೆಟ್ಟ ಮತ್ತು ಅಪ್ಪ ಮರು ನೆಟ್ಟ ಸುಮಾರು 540 ಮರ. ನಮಗೆ ಬಂದಿದೆಯೇ ಎಂದು ನಾನು ಯಾವತ್ತೂ ನೇರವಾಗಿ ಕೇಳಿರಲಿಲ್ಲ. ಫೋನಿನಲ್ಲಿ “ತೋಟ ಹೇಗಿದೆ?” ಎಂದರೆ ಅಪ್ಪ “ಇದೆ” ಅನ್ನುತ್ತಿದ್ದ. ಆಮೇಲೆ “ನಿನ್ನ ಬರವಣಿಗೆ ಎಲ್ಲಿವರೆಗೆ ಬಂತು?” ಅನ್ನುತ್ತಿದ್ದ. ನಾನು “ನಡೀತಿದೆ” ಅನ್ನುತ್ತಿದ್ದೆ. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಹಾಗಾಗಿ ಕುಂಡದ ಗಿಡ ಹಳದಿಯಾದಾಗ ನನ್ನ ಗಾಬರಿ ಗಿಡಕ್ಕಿಂತ ದೊಡ್ಡದಿತ್ತು. ಕತ್ತರಿ ತಂದು ಹಳದಿ ಗರಿಗಳನ್ನೆಲ್ಲ ಕತ್ತರಿಸಿ ಹಾಕಿದೆ. ರೋಗ ಕತ್ತರಿಸಿ ಎಸೆದೆ ಎಂಬ ಸಮಾಧಾನ ನಾಲ್ಕು ದಿನ ಇತ್ತು. ಐದನೇ ದಿನ ಅದರ ಮೇಲಿನ ಗರಿ ಹಳದಿಯಾಗತೊಡಗಿತು.

ಆ ವರ್ಷ ನನ್ನ ಫೆಲೋಶಿಪ್ ಹಣ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಅಧ್ಯಾಯವೊಂದು ಮೂರನೇ ಸಲ ವಾಪಸು ಬಂದಿತ್ತು. ಓದಲು ಕೂತರೆ ಕಣ್ಣು ಬಾಲ್ಕನಿಗೆ ಹೋಗುತ್ತಿತ್ತು. ಒಂದು ಭಾನುವಾರ ಹಳೆಯ ಪೇಪರ್ ಹಾಸಿ, ಕುಂಡವನ್ನು ಅಡ್ಡ ಮಲಗಿಸಿ, ಗಿಡವನ್ನು ಹೊರಗೆಳೆದೆ.

ಎಲ್ಲ ಅಲ್ಲೇ ಗೊತ್ತಾಯಿತು. ಗಿಡದ ಬುಡದಲ್ಲಿ ಮುಷ್ಟಿಯಷ್ಟು ಅಂಟುಮಣ್ಣಿನ ಉಂಡೆ. ಬೆಂಗಳೂರಿನ ಎಷ್ಟೋ ಗಿಡಗಳು ರಾಜಮಂಡ್ರಿ ಬಳಿಯ ಕಡಿಯಂ ನರ್ಸರಿಗಳಿಂದ ಲಾರಿಯಲ್ಲಿ ಬರುತ್ತವೆ. ದಾರಿಯಲ್ಲಿ ಒಣಗದಿರಲೆಂದು ಜಿಗುಟು ಮಣ್ಣು ಮೆತ್ತಿರುತ್ತಾರೆ. ಅದರ ಸುತ್ತ ನಾನು ಹಾಕಿದ ಮಣ್ಣು ಒಣಗಿದ್ದರೂ ಉಂಡೆ ಮಾತ್ರ ಒದ್ದೆ. ಹೊರಗಿನ ಬೇರು ನೀರಿಲ್ಲದೆ, ಒಳಗಿನ ಬೇರು ನೀರು ಹೆಚ್ಚಾಗಿ, ಎರಡೂ ಒಟ್ಟಿಗೆ ಸಾಯುತ್ತಿದ್ದವು. ಇನ್ನೊಂದು ಸಂಗತಿಯೂ ಕಂಡಿತು. ನಾನು ಒಂದು ಗಿಡ ಎಂದುಕೊಂಡದ್ದು ಒಂದಲ್ಲ. ದಟ್ಟವಾಗಿ ಕಾಣಲೆಂದು ಹನ್ನೊಂದು ಸಸಿಗಳನ್ನು ಒಟ್ಟಿಗೆ ನೆಟ್ಟಿದ್ದರು. ಮೂರು ಆಗಲೇ ಕೊಳೆತಿದ್ದವು, ಎಳೆದರೆ ಸುಳಿ ಕೈಗೆ ಬಂತು.

ಸುಳಿ ಕೈಗೆ ಬಂದರೆ ಮುಗಿಯಿತು. ಅದು ಅಡಿಕೆಯವರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಳೆ ಜಾತಿಯ ಗಿಡಗಳು ಮಾವು, ಹಲಸಿನಂತಲ್ಲ. ಒಂದು ಕಾಂಡಕ್ಕೆ ಒಂದೇ ಸುಳಿ. ಅದು ಹೋದರೆ ಪಕ್ಕದಿಂದ ಕೊಂಬೆ ಒಡೆಯುವುದಿಲ್ಲ, ಆ ಕಾಂಡ ಸತ್ತಂತೆ. ಅರೆಕಾ ಹಿಂಡು ಕಟ್ಟುವುದರಿಂದ ಬುಡದಲ್ಲಿ ಹೊಸ ಕಾಂಡ ಬರಬಹುದು, ಆದರೆ ಆ ಕಾಂಡ ಮತ್ತೆ ಬರುವುದಿಲ್ಲ. ಎತ್ತರವಾಯಿತೆಂದು ತುದಿ ಕತ್ತರಿಸಿ ಪೊದೆ ಮಾಡುವ ಆಟ ಇದರ ಹತ್ತಿರ ನಡೆಯದು.

ಅಂಟುಮಣ್ಣನ್ನು ಬಕೆಟ್ ನೀರಿನಲ್ಲಿ ಅದ್ದಿ ನಿಧಾನವಾಗಿ ಬಿಡಿಸಿದೆ. ಈ ಗಿಡಕ್ಕೆ ಬೇರು ಮುಟ್ಟಿಸಿಕೊಳ್ಳುವುದು ಇಷ್ಟವಿಲ್ಲ, ಆದ್ದರಿಂದ ಬಂದಷ್ಟು ಬರಲಿ ಎಂದು ಬಿಟ್ಟೆ. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಕಲಸಿ, ತಳದಲ್ಲಿ ದೊಡ್ಡ ತೂತಿರುವ ಮಣ್ಣಿನ ಕುಂಡಕ್ಕೆ ನೆಟ್ಟೆ. ಮೊದಲಿದ್ದ ಆಳಕ್ಕಿಂತ ಒಂದು ಬೆರಳೂ ಕೆಳಗೆ ಇಳಿಸಲಿಲ್ಲ. ಕುಂಡ ಬಹಳ ದೊಡ್ಡದೂ ಇರಬಾರದು. ಬೇರು ತಲುಪದ ಮಣ್ಣಿನಲ್ಲಿ ನೀರು ನಿಂತು ಮತ್ತೆ ಕೊಳೆಯುತ್ತದೆ. ನೀರು ಹಾಕುವ ಮೊದಲು ಬೆರಳಿನ ಎರಡು ಗಿಣ್ಣು ಮಣ್ಣಿಗೆ ಇಳಿಸಿ ನೋಡುವುದು, ಒಣಗಿದ್ದರೆ ಮಾತ್ರ ಧಾರಾಳವಾಗಿ ಹಾಕುವುದು, ತಟ್ಟೆಯಲ್ಲಿ ನಿಂತ ನೀರು ಚೆಲ್ಲುವುದು. ಇಷ್ಟು ಕಲಿಯಲು ಮೂರು ಸಸಿ ಸತ್ತವು.

ತುದಿ ಕಂದಾಗಿದ್ದಕ್ಕೆ ಕಾರಣ ಬೇರೆ. ನಮ್ಮ ಬೀದಿಗೆ ಬರುವುದು ಕೊಳವೆಬಾವಿಯ ಗಡಸು ನೀರು. ಪಾತ್ರೆಯಲ್ಲಿ ಬಿಳಿ ಹಕ್ಕಳೆ ಕಟ್ಟುವ ಆ ಉಪ್ಪು ಕುಂಡದಲ್ಲೂ ಕಟ್ಟುತ್ತದೆ. ಅರೆಕಾ ಅದನ್ನು ಎಲೆಯ ತುದಿಯಲ್ಲಿ ತೋರಿಸುತ್ತದೆ. ಮಳೆ ಬಂದಾಗ ಬಕೆಟ್ ಇಟ್ಟು ಹಿಡಿದೆ. ತಿಂಗಳಿಗೊಮ್ಮೆ ಕುಂಡದ ತಳದಿಂದ ಹರಿದುಹೋಗುವಷ್ಟು ನೀರು ಹಾಕಿ ಉಪ್ಪು ತೊಳೆದೆ. ಪಶ್ಚಿಮದ ಮಧ್ಯಾಹ್ನದ ಬಿಸಿಲಿಗೆ ಒಂದು ತೆಳು ಪರದೆ ಕಟ್ಟಿದೆ. ಏಪ್ರಿಲಿನ ಒಣಹವೆಗೆ ಎಲೆಯಡಿ ಜೇಡರ ನುಸಿ ಬಂದು ಸಣ್ಣ ಬಲೆ ಕಟ್ಟಿದಾಗ, ಕುಂಡವನ್ನು ಬಚ್ಚಲಿಗೆ ಎಳೆದು ಮಗುವಿಗೆ ಮಾಡಿಸಿದಂತೆ ಸ್ನಾನ ಮಾಡಿಸಿದೆ. ಎಲೆಯ ಅಡಿಭಾಗವನ್ನು ಒಂದೊಂದಾಗಿ ಒರೆಸುತ್ತ ಕೂತರೆ ಒಂದು ಗಂಟೆ ಹೋಗುತ್ತಿತ್ತು. ಆ ಒಂದು ಗಂಟೆ ಅಧ್ಯಾಯದ ನೆನಪು ಬರುತ್ತಿರಲಿಲ್ಲ.

ನೋಡುತ್ತ ನೋಡುತ್ತ ಹಳದಿಯಲ್ಲಿ ಬಗೆಗಳಿವೆ ಎಂದು ಗೊತ್ತಾಯಿತು. ‘ಲ್ಯೂಟೆಸೆನ್ಸ್’ ಎಂದರೆ ಲ್ಯಾಟಿನ್‌ನಲ್ಲಿ ಹಳದಿಯಾಗುತ್ತಿರುವುದು ಎಂದರ್ಥ. ಬೆಳಕು ಚೆನ್ನಾಗಿದ್ದರೆ ಇದರ ಗರಿಯ ದಂಟು, ನಡುನರ ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಅದು ರೋಗವಲ್ಲ, ಅದರ ಮೈಬಣ್ಣ. ಹಳೆಯ ಗರಿಯಲ್ಲಿ ಸಣ್ಣ ಸಣ್ಣ ಕಿತ್ತಳೆ ಮಿಶ್ರಿತ ಹಳದಿ ಚುಕ್ಕೆ ಬಂದರೆ ಪೊಟ್ಯಾಷ್ ಸಾಲದು. ಹಳೆಯ ಗರಿಯ ಅಂಚು ಮಾತ್ರ ಹಳದಿಯಾಗಿ ನಡುವೆ ಹಸಿರು ಪಟ್ಟಿ ಉಳಿದರೆ ಮೆಗ್ನೀಸಿಯಂ ಸಾಲದು. ಹೊಸ ಗರಿಯೇ ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಅದೂ ಎಷ್ಟೋ ಸಲ ಮಣ್ಣಿನಲ್ಲಿ ಇಲ್ಲವೆಂದಲ್ಲ, ಬೇರಿಗೆ ಉಸಿರು ಸಿಗದೆ ಎಳೆದುಕೊಳ್ಳಲಾಗುತ್ತಿಲ್ಲವೆಂದು. ಕೆಳಗಿನ ಒಂದೇ ಗರಿ ಪೂರ್ತಿ ಹಳದಿಯಾಗಿ ಒಣಗಿದರೆ ಅದು ಬರಿಯ ವಯಸ್ಸು.

ನನ್ನ ಕತ್ತರಿ ಮಾಡಿದ್ದು ಏನೆಂದೂ ಆಗ ತಿಳಿಯಿತು. ಪೊಟ್ಯಾಷ್ ಸಾಲದಾದಾಗ ಗಿಡ ಹಳೆಯ ಗರಿಯಲ್ಲಿರುವುದನ್ನು ಹಿಂದಕ್ಕೆ ತೆಗೆದು ಸುಳಿಗೆ ಕಳಿಸುತ್ತದೆ. ಹಳದಿ ಗರಿ ಗಿಡದ ಗಂಟು, ಕೈಗಡ ಕೊಡುವ ಮನೆ. ಅದನ್ನು ಕತ್ತರಿಸಿದರೆ ಗಿಡ ಅದರ ಮೇಲಿನ ಗರಿಯಿಂದ ತೆಗೆದುಕೊಳ್ಳುತ್ತದೆ. ಹಳದಿಯಾದದ್ದನ್ನು ಪೂರ್ತಿ ಒಣಗಿ ಕಂದಾಗುವವರೆಗೆ ಬಿಡಬೇಕು. ಚೆಂದಕ್ಕೆಂದು ಕತ್ತರಿಸುತ್ತ ಹೋದರೆ ಗಿಡ ಬಡವಾಗುತ್ತ ಹೋಗುತ್ತದೆ. ಆಮೇಲೆ ನಾನು ಕತ್ತರಿ ಮುಟ್ಟಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಎಂಟು ಕಾಂಡದಲ್ಲೂ ಈಟಿಯಂಥ ಹೊಸ ಸುಳಿ ನಿಂತಿತ್ತು.

ಮುಂದಿನ ವರ್ಷದ ಬೇಸಿಗೆಯಲ್ಲಿ ಅಪ್ಪ ಬೆಂಗಳೂರಿಗೆ ಬಂದ. ಕಣ್ಣಿನ ಪೊರೆ ತೆಗೆಸಬೇಕಿತ್ತು. ಎರಡು ವರ್ಷದಿಂದ ಮುಂದೂಡಿ ಮುಂದೂಡಿ, ಕೊನೆಗೆ ಅಮ್ಮ ಒಂದು ರಾತ್ರಿ ಬಸ್ಸು ಹತ್ತಿಸಿಯೇ ಬಿಟ್ಟಿದ್ದಳು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದವನು ಗಿಡದ ಮುಂದೆ ನಿಂತ. ನಾನು ಹೊಗಳಿಕೆಗೆ ಕಾದೆ.

“ಪೂರ್ತಿ ಹಳದಿ ಆಗಿದೆಯಲ್ಲ ಇದು” ಎಂದ.

“ಎಲ್ಲಿ? ದಂಟು ಮಾತ್ರ. ಅದು ಅದರ ಬಣ್ಣ. ಎಲೆ ಹಸಿರಿದೆ.”

“ಎಲೆಯೂ ಹಳದಿಯೇ.”

ನಾನು ಒಂದು ಗರಿ ಹಿಡಿದು ಅವನ ಮುಖದ ಹತ್ತಿರ ತಂದೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಇದು ಹಸಿರಾ? ಸರಿಯಾಗಿ ನೋಡಿ ಹೇಳು” ಎಂದು ಎರಡು ಸಲ ಕೇಳಿದ. ಒಂದು ಗರಿಗೆ ಇಷ್ಟೊಂದು ಯಾಕೆ ಎಂದು ನನಗೆ ಹೊಳೆಯಲಿಲ್ಲ. ಹಸಿರೇ ಎಂದೆ. ಅಪ್ಪ ಏನೂ ಹೇಳದೆ ಕಾಫಿ ಮುಗಿಸಿದ. ಅವತ್ತು ಮಧ್ಯಾಹ್ನ ಮಾತ್ರ ಎಂದಿಗಿಂತ ಹೆಚ್ಚು ಊಟ ಮಾಡಿದ.

ಮಾರನೇ ದಿನ ಆಪರೇಷನ್ ಆಯಿತು. ಅದರ ಮರುದಿನ ಪಟ್ಟಿ ತೆಗೆದರು. ಪೊರೆ ಬಲಿತ ಕಣ್ಣಿನ ಮಸೂರ ಹಳದಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದರ ಮೂಲಕ ನೋಡಿದ್ದೆಲ್ಲ ಸ್ವಲ್ಪ ಹಳದಿಯಾಗಿಯೇ ಕಾಣುತ್ತದೆ ಎಂದು ಡಾಕ್ಟರು ವಿವರಿಸಿದರು. ಆಟೋದಲ್ಲಿ ಬರುವಾಗ ಅಪ್ಪ ಆಕಾಶ ಇಷ್ಟು ನೀಲಿಯಾ ಎಂದು ಮಕ್ಕಳ ಹಾಗೆ ಕೇಳಿದ. ಮನೆಗೆ ಬಂದವನು ಚಪ್ಪಲಿ ಬಿಟ್ಟು ನೇರ ಬಾಲ್ಕನಿಗೆ ಹೋದ. ಆಪರೇಷನ್ ಆಗದ ಕಣ್ಣು ಮುಚ್ಚಿ ನೋಡಿದ, ಆಮೇಲೆ ಆದ ಕಣ್ಣು ಮುಚ್ಚಿ ನೋಡಿದ.

“ಹಸಿರೇ ಇದೆ ಮಾರಾಯ್ತಿ” ಎಂದ. ಸ್ವಲ್ಪ ಹೊತ್ತಾದ ಮೇಲೆ, “ಹಂಗಾದರೆ ತೋಟವೂ…” ಎಂದು ಅಲ್ಲಿಗೇ ನಿಲ್ಲಿಸಿದ.

ಆಗ ಅರ್ಥವಾಯಿತು. ಎರಡು ವರ್ಷದಿಂದ ಅಪ್ಪನಿಗೆ ತೋಟ ಹಳದಿಯಾಗಿ ಕಾಣುತ್ತಿತ್ತು. ಅದು ಕಣ್ಣಿನದ್ದೋ ಮರದ್ದೋ ಎಂದು ಅವನಿಗೆ ಖಾತ್ರಿ ಇರಲಿಲ್ಲ. ಯಾರನ್ನೂ ಕೇಳಿರಲಿಲ್ಲ. ಅಮ್ಮನನ್ನು ಕೇಳಿದರೆ ಅವಳು ಹೆದರುತ್ತಾಳೆ, ಪಕ್ಕದವರನ್ನು ಕೇಳಿದರೆ ಸುದ್ದಿಯಾಗುತ್ತದೆ. ಫಸಲು ಕಡಿಮೆಯಾದದ್ದಕ್ಕೆ ಮಳೆ, ಕೊಳೆರೋಗ ಎಂಬ ಕಾರಣಗಳಿದ್ದವು. ಕಣ್ಣು ತೋರಿಸಲು ಎರಡು ವರ್ಷ ಯಾಕೆ ಮುಂದೂಡಿದ ಎಂಬುದಕ್ಕೂ ನನಗೆ ಅಲ್ಲೇ ಉತ್ತರ ಸಿಕ್ಕಿತು. ಪೊರೆ ಇರುವವರೆಗೆ ಅದು ಪೊರೆಯೇ ಇರಬಹುದು ಎಂದುಕೊಳ್ಳಬಹುದಿತ್ತು.

ಎಂಟು ಕಾಂಡದ ಒಂದು ಗಿಡದ ಪ್ರತಿ ಎಸಳನ್ನು ನಾನು ತಿಂಗಳುಗಟ್ಟಲೆ ಒರೆಸಿದ್ದೆ. ಅದೇ ಎರಡು ವರ್ಷದಲ್ಲಿ ಊರಿಗೆ ನಾಲ್ಕು ಸಲ ಹೋಗಿದ್ದೆ. ನಾಲ್ಕು ಸಲವೂ ಮನೆಯೊಳಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ತೋಟಕ್ಕೆ ಇಳಿದು ತಲೆಯೆತ್ತಿ ನೋಡಿದ್ದರೆ ನನಗೆ ಗೊತ್ತಾಗುತ್ತಿತ್ತು. ನನ್ನ ಕಣ್ಣಿಗೆ ಪೊರೆ ಇರಲಿಲ್ಲ.

ಅಪ್ಪ ಆ ವಾರವೆಲ್ಲ ಗೆಲುವಾಗಿದ್ದ. ನನ್ನ ಕುಂಡಕ್ಕೆ ಪೊಟ್ಯಾಷ್ ಇನ್ನೂ ಸ್ವಲ್ಪ ಬೇಕು, ಬರಿಯ ಸಾರಜನಕ ಹಾಕಿ ಕೆಡಿಸಬೇಡ ಎಂದ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಬುಡ ಬಿಡಿಸಿ ಎರಡು ಮಾಡು, ಒಂದನ್ನು ಕೆಳಗೆ ಓನರ್ ಅಂಗಳದಲ್ಲಿ ನೆಡು, ನೆಲಕ್ಕೆ ಹೋದರೆ ಚೆನ್ನಾಗಿ ಬರುತ್ತದೆ ಎಂದ. ನಾನು ಒಂದನ್ನು ಊರಿಗೆ ತರಲೇ ಎಂದು ಕೇಳಿದೆ. “ಬೇಡ. ನರ್ಸರಿ ಗಿಡ ತೋಟಕ್ಕೆ ಬೇಡ. ಅದರ ಸಂಗಡ ಎಂತೆಂತ ಹುಳ ಬರ್ತದೋ” ಎಂದ. ತೋಟ ಇನ್ನೂ ಕಾಪಾಡಿಕೊಳ್ಳುವ ಸ್ಥಿತಿಯಲ್ಲಿದೆ ಎಂದು ನಂಬಿದವನ ಮಾತು ಅದು.

ಊರಿಗೆ ಹೋಗಿ ಎರಡು ದಿನ ಫೋನ್ ಮಾಡಲಿಲ್ಲ. ಮೂರನೇ ದಿನ ಒಂದರ ಹಿಂದೊಂದು ಹದಿನಾಲ್ಕು ಫೋಟೋ ಬಂದವು. ಮರದ ಬುಡದಲ್ಲಿ ನಿಂತು ಮೇಲಕ್ಕೆ ಹಿಡಿದು ತೆಗೆದ ಫೋಟೋಗಳು, ಹಿಂದೆ ಬಿಳಿ ಆಕಾಶ. ಕೊನೆಯಲ್ಲಿ ಒಂದು ಸಾಲು: “ಕಣ್ಣಲ್ಲ.”

ನಾನು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ವಯಸ್ಸಿನ ಹಳದಿಯಾಗಿದ್ದರೆ ಕೆಳಗಿನ ಒಂದು ಸೋಗೆ ಮಾತ್ರ ಇರುತ್ತಿತ್ತು. ಚುಕ್ಕೆಗಳಿರಲಿಲ್ಲ, ಹಸಿರು ಪಟ್ಟಿ ಉಳಿದಿರಲಿಲ್ಲ. ಎಸಳಿನ ತುದಿಯಿಂದ ಒಳಗೆ ಬಂದ ಹಳದಿ, ನಾಲ್ಕೈದು ಸೋಗೆಗಳಲ್ಲಿ ಒಟ್ಟಿಗೆ. ಮಂಡೆ ಸಣ್ಣದಾಗಿತ್ತು. ಫೋಟೋ ನೋಡಿ ರೋಗ ಹೇಳಬಾರದು, ಆದರೂ ನನಗೆ ಬೇರೆ ಹೆಸರು ತೋಚಲಿಲ್ಲ. ಏನು ಬರೆಯಬೇಕೆಂದು ತಿಳಿಯದೆ “ಬರ್ತೀನಿ” ಎಂದಷ್ಟೇ ಬರೆದೆ.

ಕುಂಡವನ್ನು ಓನರ್ ಆಂಟಿಗೆ ಒಪ್ಪಿಸಿ, ಬೆರಳು ಇಳಿಸಿ ನೋಡುವುದನ್ನು ಹೇಳಿಕೊಟ್ಟು, ಊರಿಗೆ ಹೋಗಿ ಐದು ವಾರ ಇದ್ದೆ. ಬೆಳಿಗ್ಗೆ ಅಪ್ಪ ಮುಂದೆ, ನಾನು ನೋಟ್‌ಬುಕ್ ಹಿಡಿದು ಹಿಂದೆ. ಸಾಲು ಸಾಲಾಗಿ ಹೋಗಿ ಪ್ರತಿ ಮರಕ್ಕೆ ನಂಬರ್ ಕೊಟ್ಟೆವು. ಅಪ್ಪ ನೋಡಿ ಹೇಳುತ್ತಿದ್ದ: ಹಸಿರು, ಶುರುವಾಗಿದೆ, ಮಂಡೆ ಸಣ್ಣ, ಹೋಯ್ತು. ನಾನು ಬರೆದುಕೊಳ್ಳುತ್ತಿದ್ದೆ. ಒಂದೆರಡು ಕಡೆ ನಾನು “ಇದು ಪೊಟ್ಯಾಷ್ ಇರಬಹುದು ಅಪ್ಪ, ಚುಕ್ಕೆ ನೋಡು” ಎಂದೆ. ಅಪ್ಪ ಹೌದೆಂದ, ‘ಶುರುವಾಗಿದೆ’ ಎಂಬುದನ್ನು ಹೊಡೆದು ಹಾಕಿಸಿದ. ಹೀಗೆ ಉಳಿಸಿದ್ದು ಒಂಬತ್ತು ಮರ. ಎಲ್ಲ ಮುಗಿದಾಗ 540ರಲ್ಲಿ 187ಕ್ಕೆ ಗುರುತು ಬಿದ್ದಿತ್ತು. ಹೊಳೆಯ ಬದಿಯ ಮೂರು ಸಾಲು ತೆಗೆದು ಕಾಫಿ ಹಾಕುವುದು, ಉಳಿದದ್ದಕ್ಕೆ ಬಸಿಗಾಲುವೆ ಆಳ ಮಾಡಿ ಗೊಬ್ಬರ ಸರಿ ಮಾಡುವುದು ಎಂದು ಅಪ್ಪ ತೀರ್ಮಾನಿಸಿದ. ತೋಟಗಾರಿಕೆ ಇಲಾಖೆಗೆ ಕೊಡುವ ಅರ್ಜಿ ನಾನು ಬರೆದೆ. ಆ ಐದು ವಾರದಲ್ಲಿ ಪ್ರಬಂಧದ ಒಂದು ಪುಟವೂ ಮುಂದೆ ಹೋಗಲಿಲ್ಲ. ಅಪ್ಪ ಅದನ್ನು ಒಂದು ಸಲವೂ ಕೇಳಲಿಲ್ಲ.

ಜುಲೈಯಲ್ಲಿ ಬೆಂಗಳೂರಿಗೆ ಮರಳಿದೆ. ಆಂಟಿ ಗಿಡವನ್ನು ನನಗಿಂತ ಚೆನ್ನಾಗಿ ನೋಡಿಕೊಂಡಿದ್ದರು. ಹೋಗುವಾಗ ಹಳದಿಯಾಗಿದ್ದ ಕೆಳಗಿನ ಗರಿ ಪೂರ್ತಿ ಒಣಗಿ ಕಂದಾಗಿತ್ತು. ಹಿಡಿದು ಮೆಲ್ಲಗೆ ಎಳೆದೆ, ಬುಡಸಮೇತ ಕೈಗೆ ಬಂತು. ಒಂದು ಕಾಂಡದಲ್ಲಿ ಹೊಸ ಗರಿ ಬಿಚ್ಚಿಕೊಂಡಿತ್ತು. ತಡವಾಗಿದ್ದರೂ ಮಳೆ ಇತ್ತು, ಆದ್ದರಿಂದ ಆ ಭಾನುವಾರವೇ ಬುಡ ಬಿಡಿಸಿ ಎರಡು ಮಾಡಿ, ನಾಲ್ಕು ಕಾಂಡಗಳನ್ನು ಅಂಗಳದ ಮೂಲೆಯಲ್ಲಿ, ಮಧ್ಯಾಹ್ನ ನೆರಳು ಬೀಳುವ ಜಾಗದಲ್ಲಿ ನೆಟ್ಟೆವು.

ಕೈ ತೊಳೆಯುತ್ತಿರುವಾಗ ಫೋನು ಬಂತು. ಹೊಳೆಯ ಬದಿಯ ಮರ ಕಡಿಯುವವರು ಅವತ್ತು ಬಂದಿದ್ದರು. ಹಿಂದೆ ಗರಗಸದ ಸದ್ದು ಕೇಳುತ್ತಿತ್ತು. ಅಪ್ಪ ಒಂದೆರಡು ಮಾತಾಡಿ ಸುಮ್ಮನಾದ. ನಾನೂ ಸುಮ್ಮನಿದ್ದೆ.

“ನಿನ್ನ ಅಡಿಕೆ ಹೇಗಿದೆ?” ಎಂದ.

ಅದು ಅಡಿಕೆ ಅಲ್ಲ ಎಂದು ನಾನು ತಿದ್ದಲಿಲ್ಲ. ಹಸಿರಿದೆ ಎಂದೆ.